ಹಿಂದಕ್ಕೆ ತಳ್ಳಿದರೆ ಬೋಟ್ ಟ್ರೇಲರ್ ಬ್ರೇಕ್ ಕಚ್ಚಿಕೊಳ್ಳುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಬಹುಪಾಲು ಉತ್ತರಗಳು ಸರ್ಜ್ ಬ್ರೇಕ್ ಇರುವ ಟ್ರೇಲರ್‌ಗಳ ಬಗ್ಗೆ. ಬೋಟ್ ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಎಲೆಕ್ಟ್ರಿಕ್ ಪಂಪ್ ಇರುವವು ಮತ್ತು ರಾಡ್-ಕೇಬಲ್ ಬ್ರೇಕಿನವುಗಳಿಗೆ ಕೊನೆಯ ಕಡೆ ಬೇರೆ ಉತ್ತರಗಳಿವೆ.

ಮುಂದೆ ಹೋಗುವಾಗ ಏನೂ ತೊಂದರೆ ಇಲ್ಲ. ರಿವರ್ಸ್ ಹಾಕಿದ ಕೂಡಲೇ ಚಕ್ರ ನಿಂತುಬಿಡುತ್ತದೆ. ಏಕೆ?

ಸರ್ಜ್ ಬ್ರೇಕಿಗೆ ಡ್ರೈವರ್ ಬ್ರೇಕ್ ಒತ್ತಿದ್ದು ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಒಂದೇ: ಕಪ್ಲರ್ (ಟ್ರೇಲರನ್ನು ಗಾಡಿಗೆ ಜೋಡಿಸುವ ಮುಂತುದಿ) ಒಳಕ್ಕೆ ಒತ್ತಿಕೊಂಡಿದೆಯೋ ಇಲ್ಲವೋ. ಗಾಡಿ ನಿಧಾನವಾದಾಗ ಹಿಂದಿನ ಟ್ರೇಲರ್ ಮುಂದಕ್ಕೆ ನುಗ್ಗುತ್ತದೆ, ಕಪ್ಲರಿನ ಜಾರುವ ಭಾಗ ಒಳಸರಿಯುತ್ತದೆ, ಅದರೊಳಗಿನ ಪುಶ್‌ರಾಡ್ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ, ಅಲ್ಲಿನ ಬ್ರೇಕ್ ಎಣ್ಣೆಗೆ ಒತ್ತಡ ಬಂದು ಚಕ್ರಗಳಿಗೆ ಬ್ರೇಕ್ ಬೀಳುತ್ತದೆ. ರಿವರ್ಸ್‌ನಲ್ಲಿ ಗಾಡಿಯೇ ಕಪ್ಲರನ್ನು ಹಿಂದಕ್ಕೆ ದೂಡುವುದರಿಂದ ಅದೇ ಭಾಗ ಅದೇ ರೀತಿ ಒಳಸರಿಯುತ್ತದೆ. ಹಾಗಾಗಿ ತಡೆಯುವ ವ್ಯವಸ್ಥೆ ಬೇರೆ ಇಲ್ಲದಿದ್ದರೆ ರಿವರ್ಸ್‌ನಲ್ಲಿ ಬ್ರೇಕ್ ಬೀಳುವುದು ದೋಷವಲ್ಲ, ಸಹಜ ವರ್ತನೆ. ಸಾಮಾನ್ಯವಾಗಿ ಕೆಟ್ಟಿರುವುದು ಆ ತಡೆಯುವ ವ್ಯವಸ್ಥೆ.

ಆದ್ದರಿಂದ ಪಾನಾ ಕೈಗೆತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ರಿವರ್ಸ್ ಮಾಡುವಾಗ ಹೊಸದಾಗಿ ಒತ್ತಡ ಹುಟ್ಟಿ ಚಕ್ರಕ್ಕೆ ಹೋಗುತ್ತಿದೆಯೇ, ಮೊದಲೇ ಹುಟ್ಟಿದ ಒತ್ತಡ ವಾಪಸ್ ಬರದೆ ಸಿಕ್ಕಿಕೊಂಡಿದೆಯೇ, ಅಥವಾ ಒತ್ತಡವೇ ಇಲ್ಲದೆ ಚಕ್ರದ ಬ್ರೇಕ್ ಹಿಡಿಯುವ ಭಾಗ (ಶೂ ಇಲ್ಲವೇ ಕ್ಯಾಲಿಪರ್) ತುಕ್ಕಿನಿಂದ ಹಿಡಿದಿದೆಯೇ? ಮೂರಕ್ಕೂ ರಿಪೇರಿ ಬೇರೆ ಬೇರೆ. ಇದನ್ನು ತಿಳಿಯದೆ ಹೊಸ ಸೊಲೆನಾಯ್ಡ್ (ಆ ತಡೆಯ ಕೆಲಸ ಮಾಡುವ ವಿದ್ಯುತ್ ವಾಲ್ವ್) ತಂದು ಹಾಕುವುದೇ ಈ ಕೆಲಸದಲ್ಲಿ ಅತಿ ಹೆಚ್ಚು ದುಡ್ಡು ದಂಡವಾಗುವ ಜಾಗ.

ನನ್ನ ಟ್ರೇಲರಿನಲ್ಲಿ ಯಾವ ತಡೆ ಇದೆ ಎಂದು ಹೇಗೆ ಗೊತ್ತಾಗುತ್ತದೆ?

ಮೊದಲು ಚಕ್ರದ ಒಳಬದಿ ನೋಡಿ. ಹೊಳೆಯುವ ತಟ್ಟೆ, ಅದನ್ನು ಕಚ್ಚಿಹಿಡಿದ ಕ್ಯಾಲಿಪರ್ ಕಂಡರೆ ಡಿಸ್ಕ್. ಮುಚ್ಚಿದ ಡಬ್ಬಿಯಂತಿದ್ದರೆ ಡ್ರಮ್.

ಡಿಸ್ಕ್ ಬ್ರೇಕ್ ಎರಡೂ ದಿಕ್ಕಿನಲ್ಲಿ ಒಂದೇ ಬಲದಿಂದ ಹಿಡಿಯುತ್ತದೆ. ಅದಕ್ಕಾಗಿ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಲೈನಿನಲ್ಲಿ 12 ವೋಲ್ಟಿನ ಸೊಲೆನಾಯ್ಡ್ ವಾಲ್ವ್ ಇರುತ್ತದೆ. ಸಾಮಾನ್ಯವಾಗಿ ಅದು ಕಪ್ಲರಿನ ಹಿಂಭಾಗಕ್ಕೇ ತಿರುಚಿ ಕೂರಿಸಿರುವ ಬೆರಳುದ್ದದ ಲೋಹದ ತುಂಡು, ಅದರಿಂದ ಎರಡು ವೈರ್ ಹೊರಗೆ ಬಂದಿರುತ್ತವೆ. ಕರೆಂಟ್ ಇಲ್ಲದಾಗ ತೆರೆದಿರುತ್ತದೆ. ಗಾಡಿಯ ರಿವರ್ಸ್ ಲೈಟ್ ಹತ್ತಿದಾಗ ಕರೆಂಟ್ ಬಂದು ಮುಚ್ಚಿಕೊಳ್ಳುತ್ತದೆ, ಎಣ್ಣೆ ಚಕ್ರಕ್ಕೆ ಹೋಗುವುದಿಲ್ಲ.

ಡ್ರಮ್ ಇದ್ದರೆ ಸಾಮಾನ್ಯವಾಗಿ ಫ್ರೀ-ಬ್ಯಾಕಿಂಗ್, ಅಂದರೆ ಹಿಂದಕ್ಕೆ ಹೋಗುವಾಗ ತಾನೇ ಸಡಿಲವಾಗುವ ಜಾತಿಯದು. ವೈರ್, ವಾಲ್ವ್ ಏನೂ ಬೇಕಿಲ್ಲ, ತಡೆ ಡ್ರಮ್ಮಿನ ಒಳಗೇ ಇದೆ. ತೀರಾ ಹಳೆಯ ಟ್ರೇಲರಿನಲ್ಲಿ ಇದಾವುದೂ ಇಲ್ಲದೆ, ಕೈಯಿಂದ ಹಾಕುವ ಪಿನ್ನೋ ಲೀವರೋ ಮಾತ್ರ ಇರಬಹುದು.

ಈಗಲೇ ರ‍್ಯಾಂಪಿನಲ್ಲಿ (ಬೋಟನ್ನು ನೀರಿಗೆ ಇಳಿಸುವ ಇಳಿಜಾರಿನಲ್ಲಿ) ಸಿಕ್ಕಿಕೊಂಡಿದ್ದೇನೆ. ಏನು ಮಾಡಲಿ?

ಆಕ್ಸಿಲರೇಟರ್ ತುಳಿದು ಬಲವಂತವಾಗಿ ತಳ್ಳಬೇಡಿ. ತಳ್ಳಿದಷ್ಟೂ ಬ್ರೇಕ್ ಗಟ್ಟಿಯಾಗುತ್ತದೆ; ಈ ವ್ಯವಸ್ಥೆ ಇರುವುದೇ ಹಾಗೆ. ಈ ಕ್ರಮದಲ್ಲಿ ಪ್ರಯತ್ನಿಸಿ:

1. ಅರ್ಧ ಮೀಟರಿನಷ್ಟು ಮುಂದಕ್ಕೆ ಹೋಗಿ. ಕಪ್ಲರ್ ಪೂರ್ತಿ ಹೊರಕ್ಕೆ ಎಳೆದುಕೊಳ್ಳಬೇಕು. ಬ್ರೇಕ್ ಜೋರಾಗಿ ಒತ್ತದೆ ಮೆಲ್ಲನೆ ನಿಲ್ಲಿಸಿ, ಆಮೇಲೆ ರಿವರ್ಸ್ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಆಗುತ್ತದೆ.
2. ಗಾಡಿಯಿಂದ ಟ್ರೇಲರಿಗೆ ಕರೆಂಟ್ ಕೊಡುವ ಪ್ಲಗ್ ಸರಿಯಾಗಿ ಕೂತಿದೆಯೇ ನೋಡಿ, ಬಿಚ್ಚಿ ಮತ್ತೆ ಹಾಕಿ. ಒಬ್ಬರು ರಿವರ್ಸ್ ಹಾಕಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಸೊಲೆನಾಯ್ಡ್ ‘ಟಕ್’ ಎನ್ನುತ್ತದೆಯೇ ಕೇಳಲಿ.
3. ಶಬ್ದ ಬರದಿದ್ದರೆ, ಫ್ಯೂಸ್ ಹಾಕಿದ ಉದ್ದನೆಯ ವೈರಿನಿಂದ 12 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ಸೊಲೆನಾಯ್ಡಿನ ವೈರಿಗೆ ನೇರವಾಗಿ ಕೊಡಿ. ಬೋಟಿನ ಬ್ಯಾಟರಿಯಿಂದ ತೆಗೆದುಕೊಳ್ಳುವುದಾದರೆ ಮೈನಸ್ಸನ್ನೂ ಟ್ರೇಲರ್ ಚಾಸಿಗೆ ಸೇರಿಸಬೇಕು. ಹಿಂದಕ್ಕೆ ಹೋಗುವಷ್ಟು ಹೊತ್ತು ಮಾತ್ರ ಕೊಡಿ, ಬಹಳ ಹೊತ್ತು ಕರೆಂಟ್ ಇದ್ದರೆ ಸುರುಳಿ ಸುಡುತ್ತದೆ.
4. ಕಪ್ಲರಿನಲ್ಲಿ ಲಾಕ್‌ಔಟ್ ಪಿನ್ (ಕಪ್ಲರ್ ಒಳಸರಿಯದಂತೆ ತಡೆಯುವ ಪಿನ್) ಹಾಕಲು ರಂಧ್ರವಿದ್ದರೆ, ಕಪ್ಲರ್ ಹೊರಕ್ಕೆ ಎಳೆದುಕೊಂಡಿರುವಾಗ ಪಿನ್ ತೂರಿಸಿ.

ಇಳಿಜಾರಿನಲ್ಲಿ ಬ್ಲೀಡರ್ ಸ್ಕ್ರೂ (ಚಕ್ರದ ಬ್ರೇಕಿನಿಂದ ಎಣ್ಣೆ, ಗಾಳಿ ಹೊರಬಿಡುವ ಸ್ಕ್ರೂ) ಬಿಚ್ಚಿ ಒತ್ತಡ ಇಳಿಸುವುದಾದರೆ ಅದಕ್ಕೂ ಮೊದಲು ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಟ್ರೇಲರ್ ಗಾಡಿಗೆ ಕಟ್ಟಿಕೊಂಡೇ ಇರಲಿ, ಹಿಂಬದಿಯಲ್ಲಿ ಯಾರೂ ನಿಲ್ಲಬಾರದು. ಬ್ರೇಕ್ ಬಿಟ್ಟ ಕ್ಷಣದಲ್ಲಿ ಟ್ರೇಲರ್ ಉರುಳಲು ಹೊರಡುತ್ತದೆ.

ಇನ್ನೊಂದು ಮಾತು. ಇಳಿಜಾರಿನಲ್ಲಿ ಕೆಳಕ್ಕೆ ಹಿಂದೆ ಸರಿಯುವಾಗ ಟ್ರೇಲರಿನ ತೂಕವೇ ಕಪ್ಲರನ್ನು ಹೊರಕ್ಕೆ ಎಳೆಯುತ್ತದೆ, ಬ್ರೇಕ್ ಬೀಳಲು ಕಾರಣವೇ ಇಲ್ಲ. ರಿವರ್ಸ್ ತೊಂದರೆ ನಿಜವಾಗಿ ಕಾಡುವುದು ಏರು ಹತ್ತಿಸುವಾಗ, ಜಲ್ಲಿ ಮರಳಿನಲ್ಲಿ, ಹುಲ್ಲಿನ ಮೇಲೆ, ಅಥವಾ ಚಕ್ರ ಯಾವುದೋ ದಿಮ್ಮಿಗೆ ತಾಗಿದಾಗ. ಇಳಿಯುವಾಗಲೂ ಚಕ್ರ ನಿಂತು ಉಜ್ಜುತ್ತಿದ್ದರೆ ಅದು ಸಿಕ್ಕಿಕೊಂಡ ಒತ್ತಡ ಅಥವಾ ತುಕ್ಕು. ವೈರಿಂಗ್ ಹುಡುಕುತ್ತಾ ಕೂರಬೇಡಿ.

ಸೊಲೆನಾಯ್ಡ್ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಮಲ್ಟಿಮೀಟರ್ ಒಂದು ಸಾಕು. ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಆಫ್ ಇರಲಿ, ಕೀ ಆನ್ ಮಾಡಿ ರಿವರ್ಸ್‌ಗೆ ಹಾಕಿ. ಗಾಡಿಯ ರಿವರ್ಸ್ ಲೈಟ್ ಹತ್ತಬೇಕು.

ಮೊದಲ ಅಳತೆ ಗಾಡಿಯ ಸಾಕೆಟ್ಟಿನಲ್ಲಿ. ಅಲ್ಲಿ 12 ವೋಲ್ಟ್ ಇಲ್ಲವೆಂದರೆ ಟ್ರೇಲರ್ ಮುಟ್ಟುವ ಅಗತ್ಯವೇ ಇಲ್ಲ. ಎಷ್ಟೋ ಗಾಡಿಗಳಲ್ಲಿ ಟ್ರೇಲರಿನ ರಿವರ್ಸ್ ಲೈಟಿಗೆ ಪ್ರತ್ಯೇಕ ಫ್ಯೂಸ್ ಇರುತ್ತದೆ. ಹಿಂದಿನ ಲೈಟ್ ಹತ್ತಿತು ಎಂದ ಮಾತ್ರಕ್ಕೆ ಸಾಕೆಟ್ಟಿಗೂ ಬಂದಿದೆ ಎಂದುಕೊಳ್ಳಬೇಡಿ.

ಎರಡನೆಯ ಅಳತೆ ಸೊಲೆನಾಯ್ಡ್ ವೈರಿನಲ್ಲಿ, ಸೊಲೆನಾಯ್ಡ್ ಜೋಡಿಸಿಕೊಂಡಿರುವಾಗಲೇ. ವೈರ್ ಬಿಚ್ಚಿ ಅಳೆದರೆ ತುಕ್ಕು ಹಿಡಿದ ಜಾಯಿಂಟ್ ಕೂಡ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಕರೆಂಟ್ ಹರಿಯುವಾಗ ಮಾತ್ರ ವೋಲ್ಟೇಜ್ ಕುಸಿಯುವುದು. ಬ್ಯಾಟರಿಯ ವೋಲ್ಟೇಜಿಗಿಂತ ಒಂದು ವೋಲ್ಟನ್ನೂ ಮೀರಿ ಕಡಿಮೆ ತೋರಿಸಿದರೆ ಪ್ಲಗ್ಗಿನ ಪಿನ್ನುಗಳನ್ನೂ ಅರ್ತನ್ನೂ ಸ್ವಚ್ಛ ಮಾಡಿ.

ಅರ್ತ್ ಬಗ್ಗೆ ವಿಶೇಷ ಗಮನವಿರಲಿ. ಹಿಚ್ ಬಾಲ್ (ಕಪ್ಲರ್ ಕೂರುವ ಗಾಡಿಯ ಗುಂಡು) ಮೂಲಕ ಅರ್ತ್ ಸಿಗುತ್ತದೆ ಎಂದು ನಂಬಿ ಅರ್ತಿನ ಬಿಳಿ ವೈರನ್ನು ಹಾಗೇ ಬಿಟ್ಟಿರುವ ಟ್ರೇಲರ್‌ಗಳು ಬಹಳ. ಬಾಲಿಗೆ ಗ್ರೀಸ್ ಹಚ್ಚಿರುತ್ತಾರೆ, ಕಪ್ಲರಿನ ಜಾರುಭಾಗದಲ್ಲೂ ಗ್ರೀಸ್ ಇರುತ್ತದೆ. ಅದರ ಮೂಲಕ ಕರೆಂಟ್ ಒಮ್ಮೆ ಹರಿದರೆ ಒಮ್ಮೆ ಇಲ್ಲ. ಒಂದು ದಿನ ಸರಿ, ಮರುದಿನ ಕೆಟ್ಟಿತು ಎಂಬ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಬಿಳಿ ವೈರನ್ನು ಬಣ್ಣ ಕೆರೆದ ಚಾಸಿಗೆ ಬೋಲ್ಟ್ ಹಾಕಿ ಕೂರಿಸಿ, ಸೊಲೆನಾಯ್ಡಿನ ಅರ್ತನ್ನೂ ಅಲ್ಲಿಗೇ ತನ್ನಿ.

ಮೂರನೆಯದು ಸುರುಳಿ. ಎರಡೂ ವೈರ್ ಬಿಚ್ಚಿ ಓಮ್ಸ್‌ನಲ್ಲಿ ಅಳೆಯಿರಿ. ಕೆಲವೇ ಓಮ್ ತೋರಿಸಿದರೆ ಸುರುಳಿ ಉಳಿದಿದೆ. ಏನೂ ತೋರಿಸದಿದ್ದರೆ ಸುಟ್ಟಿದೆ, ಬದಲಾಯಿಸಿ.

ಟಕ್ ಎಂದು ಕೇಳುತ್ತದೆ, ಕರೆಂಟೂ ಇದೆ. ಆದರೂ ಬ್ರೇಕ್ ಹಿಡಿಯುತ್ತದೆ.

ಇಲ್ಲಿ ಮೂರು ಸಾಧ್ಯತೆ.

ಒಂದು, ನಿಲ್ಲಿಸಿದ ರೀತಿ. ಮುಂದೆ ಬಂದು ಬ್ರೇಕ್ ಒತ್ತಿ ನಿಂತಾಗ ಕಪ್ಲರ್ ಒಳಸರಿದಿರುತ್ತದೆ, ಲೈನಿನಲ್ಲಿ ಒತ್ತಡ ಇರುತ್ತದೆ. ಅದೇ ಸ್ಥಿತಿಯಲ್ಲಿ ರಿವರ್ಸ್ ಹಾಕಿದರೆ ವಾಲ್ವ್ ಮುಚ್ಚಿಕೊಂಡು ಆ ಒತ್ತಡವನ್ನು ಚಕ್ರದ ಕಡೆಯೇ ಬಂಧಿಸಿಬಿಡುತ್ತದೆ. ವಾಲ್ವ್ ಕೆಟ್ಟಿಲ್ಲ, ತನ್ನ ಕೆಲಸವನ್ನು ತಪ್ಪು ಹೊತ್ತಿನಲ್ಲಿ ಮಾಡಿದೆ. ಮೇಲೆ ಹೇಳಿದಂತೆ ಸ್ವಲ್ಪ ಮುಂದೆ ಎಳೆದು, ಮೆಲ್ಲನೆ ನಿಲ್ಲಿಸಿ, ಮತ್ತೆ ರಿವರ್ಸ್ ಹಾಕಿ.

ಎರಡು, ವಾಲ್ವಿನ ಆಸನದಲ್ಲಿ ಕಸ ಕೂತು ಎಣ್ಣೆ ಸೋರಿ ದಾಟುತ್ತಿದೆ. ಇದರ ಲಕ್ಷಣ ಸ್ಪಷ್ಟ: ರಿವರ್ಸ್ ಶುರುವಿನಲ್ಲಿ ಸಲೀಸು, ಕೆಲವು ಮೀಟರ್ ಹೋಗುವಷ್ಟರಲ್ಲಿ ನಿಧಾನಕ್ಕೆ ಬಿಗಿಯುತ್ತಾ ಬರುತ್ತದೆ. ಕಪ್ಲರಿನ ಜಾರುಭಾಗದ ಅಂಚಿಗೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದು ರಿವರ್ಸ್ ಮಾಡಿ ನೋಡಿ. ವಾಲ್ವ್ ಸರಿಯಿದ್ದರೆ ಮಾಸ್ಟರ್ ಸಿಲಿಂಡರಿನ ಎಣ್ಣೆಗೆ ಹೋಗಲು ದಾರಿಯಿಲ್ಲ, ಗೆರೆ ಸ್ವಲ್ಪವೇ ಸರಿದು ನಿಲ್ಲುತ್ತದೆ. ಗೆರೆ ಪೂರ್ತಿ ಒಳಹೋಗಿ ಚಕ್ರವೂ ಹಿಡಿದರೆ ವಾಲ್ವ್ ಬಿಡುತ್ತಿದೆ. ಪೂರ್ತಿ ಒಳಹೋಗಿಯೂ ಚಕ್ರ ಹಿಡಿಯದಿದ್ದರೆ ಮಾಸ್ಟರ್ ಸಿಲಿಂಡರಿನಲ್ಲಿ ಗಾಳಿ ಸೇರಿರಬಹುದು, ಇಲ್ಲವೇ ಅದರ ರಬ್ಬರ್ ಕಪ್ ಸವೆದಿರಬಹುದು.

ಮೂರು, ಸೊಲೆನಾಯ್ಡ್ ತಲೆಕೆಳಗಾಗಿ ಜೋಡಣೆಯಾಗಿದೆ. ದೇಹದ ಮೇಲೆ ಬಾಣದ ಗುರುತಿದ್ದರೆ ಅದು ಮಾಸ್ಟರ್ ಸಿಲಿಂಡರಿನಿಂದ ಚಕ್ರದ ಕಡೆಗೆ ತೋರಿಸಬೇಕು.

ರಿವರ್ಸ್ ಮುಗಿಸಿ ಮುಂದಿನ ಗೇರ್ ಹಾಕಿದ ಕ್ಷಣ ಒಮ್ಮೆ ಹಿಡಿದು ಬಿಡುತ್ತದೆ. ಇದು ದೋಷವೇ?

ಅಲ್ಲ. ಕರೆಂಟ್ ನಿಂತು ವಾಲ್ವ್ ತೆರೆದಾಗ ಕಪ್ಲರ್ ಇನ್ನೂ ಒಳಗೇ ಇರುತ್ತದೆ, ಕೂಡಿಟ್ಟ ಒತ್ತಡ ಚಕ್ರಕ್ಕೆ ಹೋಗುತ್ತದೆ. ಗಾಡಿ ಎಳೆದ ಕೂಡಲೇ ಬಿಡುತ್ತದೆ.

ಎಳೆಯುವ ಗಾಡಿ ಬದಲಾಯಿಸಿದ ಮೇಲೆ ತೊಂದರೆ ಶುರುವಾಯಿತು. ಟ್ರೇಲರ್ ಅದೇ.

ಹಾಗಿದ್ದರೆ ಹತ್ತಕ್ಕೆ ಒಂಬತ್ತು ಪಾಲು ರಿವರ್ಸ್ ಸಿಗ್ನಲ್ ಟ್ರೇಲರಿಗೆ ತಲುಪುತ್ತಿಲ್ಲ. ನಾಲ್ಕು ಪಿನ್ನಿನ ಚಪ್ಪಟೆ ಪ್ಲಗ್ಗಿನಲ್ಲಿ ರಿವರ್ಸ್‌ಗೆ ಪಿನ್ನೇ ಇಲ್ಲ: ಕಂದು ಟೇಲ್ ಲೈಟ್, ಹಳದಿ ಎಡ, ಹಸಿರು ಬಲ, ಬಿಳಿ ಅರ್ತ್, ಅಲ್ಲಿಗೆ ಮುಗಿಯಿತು. ಐದು ಪಿನ್ನಿನ ಪ್ಲಗ್ಗಿನಲ್ಲಿ ಐದನೆಯ ನೀಲಿ ವೈರೇ ರಿವರ್ಸ್ ಲಾಕ್‌ಔಟಿನದು. ಏಳು ಪಿನ್ನಿನ ದುಂಡು ಸಾಕೆಟ್ಟಿನಲ್ಲಿ ರಿವರ್ಸ್ ಇರುವುದು ನಟ್ಟನಡುವಿನ ಪಿನ್ನಿನಲ್ಲಿ. ಕೆಲವು ಗಾಡಿಗಳಲ್ಲಿ ಆ ಪಿನ್ ಇದ್ದರೂ ಹಿಂದೆ ವೈರ್ ಇರುವುದಿಲ್ಲ. ಯುರೋಪಿನ 13 ಪಿನ್ ಸಾಕೆಟ್ಟಿನಲ್ಲಿ 8ನೇ ಪಿನ್.

ಇಲ್ಲಿ ಒಂದು ಗುಂಡಿ ಇದೆ, ಬೀಳುವವರು ಬಹಳ. ಏಳು ಪಿನ್ನಿನ ವ್ಯವಸ್ಥೆಯಲ್ಲೂ ನೀಲಿ ವೈರ್ ಇದೆ, ಆದರೆ ಅದು ಎಲೆಕ್ಟ್ರಿಕ್ ಬ್ರೇಕಿನ ವೈರ್. ‘ನೀಲಿಗೆ ನೀಲಿ’ ಎಂದು ಸೇರಿಸಿದರೆ, ಗಾಡಿಯಲ್ಲಿ ಬ್ರೇಕ್ ಕಂಟ್ರೋಲರ್ (ಬ್ರೇಕ್ ಒತ್ತಿದಾಗ ಟ್ರೇಲರಿಗೆ ಕರೆಂಟ್ ಕಳಿಸುವ ಸಾಧನ) ಇದ್ದಾಗ, ನೀವು ಬ್ರೇಕ್ ಒತ್ತಿದಾಗೆಲ್ಲ ಸೊಲೆನಾಯ್ಡ್ ಮುಚ್ಚಿಕೊಳ್ಳುತ್ತದೆ. ಅಂದರೆ ಮುಂದೆ ಹೋಗುವಾಗ ಬ್ರೇಕ್ ಬೇಕಾದ ಹೊತ್ತಿನಲ್ಲೇ ಟ್ರೇಲರಿಗೆ ಬ್ರೇಕ್ ಇರುವುದಿಲ್ಲ, ರಿವರ್ಸ್‌ನಲ್ಲಿ ಬೇಡದಾಗ ಇರುತ್ತದೆ. ಐದರಿಂದ ಏಳಕ್ಕೆ ಅಡಾಪ್ಟರ್ ಕೊಳ್ಳುವಾಗ ಅದರ ಐದನೆಯ ಪಿನ್ ನಡುವಿನ ಪಿನ್ನಿಗೇ ಹೋಗುತ್ತದೆಯೇ ಎಂದು ಮೀಟರ್ ಹಿಡಿದು ನೋಡಿ. ಬಣ್ಣ ನಂಬಬೇಡಿ.

ಕೆಲವು ಹೊಸ ಗಾಡಿಗಳು ರಿವರ್ಸ್ ಲೈಟಿಗೆ ಸತತ ಕರೆಂಟ್ ಬದಲು ಕ್ಷಣಕ್ಷಣವೂ ಕಡಿದು ಕಡಿದು ಕೊಡುತ್ತವೆ. ಎಲ್‌ಇಡಿ ದೀಪಕ್ಕೆ ಇದು ಗೊತ್ತಾಗುವುದಿಲ್ಲ, ಸೊಲೆನಾಯ್ಡ್ ಮಾತ್ರ ಗುಂಯ್‌ಗುಟ್ಟುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಇಂಥ ಗಾಡಿಗೆ ಅದಕ್ಕೆಂದೇ ಮಾಡಿದ ಟ್ರೇಲರ್ ಮಾಡ್ಯೂಲ್ ಹಾಕಬೇಕು. ಅದು ಸಿಗ್ನಲ್ಲನ್ನು ಮಾತ್ರ ಲೈಟಿನಿಂದ ತೆಗೆದುಕೊಂಡು, ಸೊಲೆನಾಯ್ಡಿಗೆ ಬೇಕಾದ ಕರೆಂಟನ್ನು ಫ್ಯೂಸ್ ಮೂಲಕ ಬ್ಯಾಟರಿಯಿಂದ ಕೊಡುತ್ತದೆ.

ನೀರಿಗೆ ಇಳಿಸುವ ಮೊದಲು ಪ್ಲಗ್ ತೆಗೆಯಬೇಕು ಎನ್ನುತ್ತಾರೆ. ತೆಗೆದ ಮೇಲೆ ರಿವರ್ಸ್ ಹೋಗುವುದೇ ಇಲ್ಲ!

ಎರಡೂ ನಿಜ. ಬಿಸಿಯಾದ ಬಲ್ಬ್ ತಣ್ಣೀರಿಗೆ ಬಿದ್ದರೆ ಒಡೆಯುತ್ತದೆ, ಅದಕ್ಕೇ ಪ್ಲಗ್ ತೆಗೆಯುವ ಅಭ್ಯಾಸ ಬಂತು. ಆದರೆ ಪ್ಲಗ್ಗಿನೊಂದಿಗೆ ಸೊಲೆನಾಯ್ಡಿನ ಕರೆಂಟೂ ಹೋಗುತ್ತದೆ. ಡಿಸ್ಕ್ ಬ್ರೇಕ್ ಇರುವವರು ನೀರಿನ ಅಂಚಿಗೆ ಬಂದು ಪ್ಲಗ್ ಕಿತ್ತು ಆಮೇಲೆ ಪರದಾಡುವುದಕ್ಕೆ ಇದೇ ಕಾರಣ. ಪ್ಲಗ್ ಹಾಕಿಯೇ ಇಳಿಸಿ, ಲೈಟುಗಳನ್ನು ನೀರು ಹೋಗದಂಥ ಎಲ್‌ಇಡಿಗೆ ಬದಲಾಯಿಸಿಬಿಡಿ. ಹಳೆಯ ಬಲ್ಬೇ ಇರಲಿ ಎನ್ನುವವರು ರಿವರ್ಸ್ ವೈರ್ ಮತ್ತು ಅರ್ತಿಗೆ ಬೇರೆಯದೇ ಎರಡು ಪಿನ್ನಿನ ಚಿಕ್ಕ ಪ್ಲಗ್ ಹಾಕಿಕೊಳ್ಳಬಹುದು.

ನನ್ನದು ಫ್ರೀ-ಬ್ಯಾಕಿಂಗ್ ಡ್ರಮ್. ಆದರೂ ರಿವರ್ಸ್‌ನಲ್ಲಿ ಲಾಕ್ ಆಗುತ್ತದೆ.

ಇದರ ಒಳಗಿನ ಲೆಕ್ಕ ಅರ್ಥವಾದರೆ ತಪ್ಪು ಎಲ್ಲಿದೆ ಎಂದು ತಾನೇ ಕಾಣುತ್ತದೆ. ಸಾಮಾನ್ಯ ವಿನ್ಯಾಸದಲ್ಲಿ ವೀಲ್ ಸಿಲಿಂಡರ್ (ಎಣ್ಣೆಯ ಒತ್ತಡಕ್ಕೆ ಚಾಚುವ ಭಾಗ) ಮುಂದಿನ ಶೂವನ್ನು ಮಾತ್ರ ತಳ್ಳುತ್ತದೆ. ಚಕ್ರ ಮುಂದಕ್ಕೆ ತಿರುಗುವಾಗ ಡ್ರಮ್ ಆ ಶೂವನ್ನು ತನ್ನ ಜೊತೆ ಎಳೆದುಕೊಳ್ಳುತ್ತದೆ, ಕೆಳಗಿನ ಅಡ್ಜಸ್ಟರ್ ಮೂಲಕ ಆ ಬಲ ಹಿಂದಿನ ಶೂಗೆ ದಾಟುತ್ತದೆ, ಹಿಂದಿನ ಶೂ ಬಲವಾಗಿ ಕಚ್ಚುತ್ತದೆ. ನಿಜವಾದ ಬ್ರೇಕ್ ಬೀಳುವುದು ಈ ಸರಪಳಿಯಿಂದ. ಚಕ್ರ ಹಿಂದಕ್ಕೆ ತಿರುಗಿದರೆ ಡ್ರಮ್ ಮುಂದಿನ ಶೂವನ್ನು ಸಿಲಿಂಡರಿನ ಕಡೆಗೇ ವಾಪಸ್ ದೂಡುತ್ತದೆ, ಸರಪಳಿ ಕಡಿಯುತ್ತದೆ, ಉಳಿಯುವುದು ಅಲ್ಪ ಹಿಡಿತ ಮಾತ್ರ.

ಈಗ ತಪ್ಪುಗಳು. ಎಡ-ಬಲ ಚಕ್ರಗಳ ಬ್ರೇಕ್ ಸೆಟ್ ಅದಲುಬದಲಾದರೆ ಇಡೀ ಲೆಕ್ಕ ತಿರುಗುಮುರುಗು: ಮುಂದೆ ಹೋಗುವಾಗ ಬ್ರೇಕ್ ಸಪ್ಪೆ, ಹಿಂದೆ ಬರುವಾಗ ಜೋರು. ಈ ಎರಡೂ ಲಕ್ಷಣ ಒಟ್ಟಿಗೆ ಕಂಡರೆ ಡ್ರಮ್ ಬಿಚ್ಚಿ ನೋಡುವ ಮೊದಲೇ ಕಾರಣ ಗೊತ್ತಾದ ಹಾಗೆ. ಒಂದೇ ಬದಿಯ ಶೂಗಳನ್ನು ಹಿಂದುಮುಂದು ಹಾಕಿದರೂ ಬ್ರೇಕಿನ ವರ್ತನೆ ಕೆಡುತ್ತದೆ. ಲೈನಿಂಗ್ ಗಿಡ್ಡ ಇರುವ ಶೂ ಮುಂದೆ, ಉದ್ದ ಇರುವುದು ಹಿಂದೆ. ಬ್ರೇಕ್ ಸೆಟ್ ಬದಲಾಯಿಸುವಾಗ ಅಳತೆ ಹೊಂದಿತೆಂದು ಫ್ರೀ-ಬ್ಯಾಕಿಂಗ್ ಅಲ್ಲದ ಸೆಟ್ ಹಾಕಿದರೆ, ಇನ್ನು ಸೊಲೆನಾಯ್ಡ್ ಹಾಕದೆ ರಿವರ್ಸ್ ಇಲ್ಲ. ಇದೆಲ್ಲ ಅಲ್ಲದಿದ್ದರೆ, ಅತಿ ಸಾಮಾನ್ಯ ಕಾರಣ ಒಂದೇ ಉಳಿಯಿತು: ಶೂ ಮಿತಿಮೀರಿ ಬಿಗಿಯಾಗಿದೆ.

ಶೂ ಹೊಂದಿಸುವ ಸರಿಯಾದ ಕ್ರಮ ಯಾವುದು?

ಸಮತಟ್ಟಾದ ಜಾಗದಲ್ಲಿ ಕಪ್ಲರನ್ನು ಪೂರ್ತಿ ಹೊರಕ್ಕೆ ಎಳೆದಿಡಿ, ಎದುರುಬದಿಯ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ, ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಒಳಗೆ ಹಾಕಬೇಡಿ. ಬ್ಯಾಕಿಂಗ್ ಪ್ಲೇಟಿನ ಕೆಳಭಾಗದ ರಬ್ಬರ್ ಮುಚ್ಚಳ ತೆಗೆದು, ಬ್ರೇಕ್ ಸ್ಪೂನಿನಿಂದ ಅಡ್ಜಸ್ಟರಿನ ನಕ್ಷತ್ರಚಕ್ರ ತಿರುಗಿಸಿ. ಈ ಹೊತ್ತಿನಲ್ಲಿ ಚಕ್ರವನ್ನು ಮುಂದಿನ ದಿಕ್ಕಿಗೆ ಮಾತ್ರ ಸುತ್ತಿಸಬೇಕು. ಹಿಂದಕ್ಕೆ ಸುತ್ತಿಸಿದರೆ ಶೂ ಸರಿದುಕೊಂಡು ಸುಳ್ಳು ಸಡಿಲ ತೋರಿಸುತ್ತದೆ. ಕೈಯಲ್ಲಿ ಚಕ್ರ ತಿರುಗದಷ್ಟು ಬಿಗಿ ಮಾಡಿ, ಆಮೇಲೆ 8ರಿಂದ 10 ಹಲ್ಲು ಹಿಂದಕ್ಕೆ ಬಿಡಿ. ಚಕ್ರ ಸರಾಗವಾಗಿ ಸುತ್ತಬೇಕು. ಶೂ ಅಲ್ಲಲ್ಲಿ ಸವರಿದ ‘ಸ್ಸ್’ ಶಬ್ದ ಬಂದರೆ ಪರವಾಗಿಲ್ಲ, ಕೈಗೆ ತಡೆ ಗೊತ್ತಾಗಬಾರದು.

ಮುಂದೆ ಎಳೆದರೂ ಬ್ರೇಕ್ ಬಿಡುತ್ತಿಲ್ಲ. ಎಲ್ಲಿಂದ ಹುಡುಕಲಿ?

ಮೊದಲು, ಒಂದು ಚಕ್ರವೋ ಎಲ್ಲವೋ? ಒಂದೇ ಚಕ್ರವಾದರೆ ತೊಂದರೆ ಆ ಚಕ್ರದಲ್ಲಿ ಅಥವಾ ಅದಕ್ಕೆ ಹೋಗುವ ಹೋಸಿನಲ್ಲಿ. ಎಲ್ಲವೂ ಆದರೆ ಮುಂದಿನ ಭಾಗದಲ್ಲಿ. ನಂತರ ಎಣ್ಣೆಯನ್ನೇ ಸಾಕ್ಷಿ ಕೇಳಿ. ಟ್ರೇಲರ್ ಉರುಳದಂತೆ ಭದ್ರ ಮಾಡಿ, ಕಣ್ಣಿಗೆ ಕನ್ನಡಕ ಹಾಕಿ:

1. ಹಿಡಿದಿರುವ ಚಕ್ರದ ಬ್ಲೀಡರ್ ಸ್ಕ್ರೂ ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ಬಿಟ್ಟರೆ ಒತ್ತಡ ಸಿಕ್ಕಿಕೊಂಡಿತ್ತು. ಚಿಮ್ಮದೆ, ಚಕ್ರವೂ ಬಿಡದಿದ್ದರೆ ಅದು ತುಕ್ಕು: ಕ್ಯಾಲಿಪರ್ ಪಿನ್, ಪಿಸ್ಟನ್ ಅಥವಾ ಶೂ. ಹೈಡ್ರಾಲಿಕ್ ಹುಡುಕಾಟ ಅಲ್ಲಿಗೆ ನಿಲ್ಲಿಸಿ.
2. ಒತ್ತಡ ಇತ್ತು ಎಂದಾದರೆ, ಬ್ಲೀಡರ್ ಬಿಗಿ ಮಾಡಿ, ಮತ್ತೆ ಲಾಕ್ ಆಗುವಂತೆ ಮಾಡಿ. ಈ ಸಲ ಮಾಸ್ಟರ್ ಸಿಲಿಂಡರಿಗೂ ಸೊಲೆನಾಯ್ಡಿಗೂ ನಡುವಿನ ಜೋಡಣೆ ಸಡಿಲಿಸಿ. ಚಕ್ರ ಬಿಟ್ಟರೆ ತಪ್ಪು ಮಾಸ್ಟರ್ ಸಿಲಿಂಡರಿನದು ಅಥವಾ ಕಪ್ಲರ್ ಒಳಗೇ ಸಿಕ್ಕಿಕೊಂಡಿದೆ.
3. ಬಿಡದಿದ್ದರೆ ಸೊಲೆನಾಯ್ಡಿನ ಆಚೆಯ ಜೋಡಣೆ ಸಡಿಲಿಸಿ. ಈಗ ಬಿಟ್ಟರೆ ಸೊಲೆನಾಯ್ಡ್ ಮುಚ್ಚಿದಲ್ಲೇ ತುಕ್ಕು ಹಿಡಿದಿದೆ.
4. ಆಗಲೂ ಬಿಡದಿದ್ದರೆ ಉಳಿದದ್ದು ರಬ್ಬರ್ ಹೋಸ್. ಹೊರಗೆ ಹೊಸದರಂತೆ ಕಂಡರೂ ಒಳಪದರ ಊದಿ ಕಿತ್ತು ಬಂದಿರುತ್ತದೆ. ಒತ್ತಡ ಹೋಗುವಾಗ ಸರಿದು ದಾರಿ ಕೊಡುತ್ತದೆ, ವಾಪಸ್ ಬರುವಾಗ ಅಡ್ಡ ಬೀಳುತ್ತದೆ. ಹೋಸ್ ಬದಲಾಯಿಸಿ. ಇಕ್ಕಳದಿಂದ ಹೋಸ್ ಹಿಸುಕಿ ಪರೀಕ್ಷಿಸುವ ಅಭ್ಯಾಸವೇ ಎಷ್ಟೋ ಹೋಸುಗಳನ್ನು ಈ ಗತಿಗೆ ತಂದಿದೆ.

ಮಾಸ್ಟರ್ ಸಿಲಿಂಡರ್ ಎಂದು ಗೊತ್ತಾಯಿತು. ಬದಲಾಯಿಸಲೇಬೇಕೇ?

ಮೊದಲು ಕಪ್ಲರ್ ಪೂರ್ತಿ ಹೊರಕ್ಕೆ ಬಂದಿದೆಯೇ ಖಚಿತಪಡಿಸಿಕೊಳ್ಳಿ. ಎಣ್ಣೆ ಡಬ್ಬಿಯ ತಳದಲ್ಲಿ ಸೂಜಿಮೊನೆಯಂಥ ಒಂದು ರಂಧ್ರವಿದೆ, ಪಿಸ್ಟನ್ ಪೂರ್ತಿ ಹಿಂದೆ ಸರಿದಾಗ ಮಾತ್ರ ಅದು ತೆರೆಯುತ್ತದೆ, ಒತ್ತಡ ಅದರ ಮೂಲಕವೇ ಇಳಿಯಬೇಕು. ಕೆಸರು ಕಟ್ಟಿದ್ದರೆ ತೆಳುವಾದ ಒಂಟಿ ತಂತಿ ಎಳೆಯಿಂದ ಹಗುರಾಗಿ ಬಿಡಿಸಬಹುದು. ಚುಚ್ಚಿ ಅಗಲ ಮಾಡಿದರೆ ರಬ್ಬರ್ ಕಪ್ ಹರಿಯುತ್ತದೆ.

ಕಪ್ ಊದಿ ರಂಧ್ರ ಮುಚ್ಚಿದ್ದರೆ ಕಥೆ ಬೇರೆ. ಯಾರೋ ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಎಣ್ಣೆ ಸುರಿದಿರುತ್ತಾರೆ. ಖನಿಜ ತೈಲ ತಾಗಿದ ರಬ್ಬರ್ ಮತ್ತೆ ಸರಿಹೋಗುವುದಿಲ್ಲ: ಮಾಸ್ಟರ್ ಸಿಲಿಂಡರ್, ಹೋಸ್, ವೀಲ್ ಸಿಲಿಂಡರ್ ಅಥವಾ ಕ್ಯಾಲಿಪರ್ ಸೀಲ್, ಸೊಲೆನಾಯ್ಡ್ ಎಲ್ಲವನ್ನೂ ಬದಲಾಯಿಸಿ ಲೋಹದ ಲೈನುಗಳನ್ನು ತೊಳೆಯಬೇಕು. ಹಾಕಬೇಕಾದ್ದು ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆ. ಸಿಲಿಕೋನ್ ಆಧಾರದ ಡಾಟ್ 5ನ್ನು ಇವುಗಳೊಂದಿಗೆ ಬೆರೆಸಬಾರದು.

ಡ್ರಮ್ ತೆಗೆದು ಡಿಸ್ಕ್ ಹಾಕಿಸಿದೆ. ಅಂದಿನಿಂದ ಬ್ರೇಕ್ ಉಜ್ಜುತ್ತಲೇ ಇರುತ್ತದೆ, ರಿವರ್ಸ್ ಅಂತೂ ಅಸಾಧ್ಯ.

ಹಳೆಯ ಕಪ್ಲರನ್ನೇ ಉಳಿಸಿಕೊಂಡಿದ್ದೀರಿ. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡುವ ಚಿಕ್ಕ ವಾಲ್ವ್ ಇರುತ್ತದೆ. ಡ್ರಮ್ಮಿನ ರಿಟರ್ನ್ ಸ್ಪ್ರಿಂಗ್ ಅದನ್ನು ಮೀರಿ ಶೂ ಎಳೆಯುತ್ತದೆ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ, ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಡಿಸ್ಕಿಗೆ ಹೆಚ್ಚಿನ ಒತ್ತಡವೂ ಬೇಕು. ಡಿಸ್ಕಿಗೆಂದೇ ಮಾಡಿದ ಕಪ್ಲರ್ ಮತ್ತು ಸೊಲೆನಾಯ್ಡ್, ಎರಡನ್ನೂ ಹಾಕಿಸಿ.

ಪ್ಲಗ್, ಸೊಲೆನಾಯ್ಡ್, ಚಕ್ರ ಎಲ್ಲ ಸರಿ. ಆದರೂ ಎಲ್ಲ ಚಕ್ರ ಹಿಡಿದಿದೆ. ಇನ್ನೇನು ಉಳಿಯಿತು?

ಬ್ರೇಕ್‌ಅವೇ ಕೇಬಲ್ ನೋಡಿ. ಟ್ರೇಲರ್ ಕಳಚಿಕೊಂಡರೆ ಈ ಕೇಬಲ್ ಎಳೆದು ಬ್ರೇಕ್ ಬಿಗಿಯಾಗಿ ಹಿಡಿಯುವಂತೆ ಮಾಡುತ್ತದೆ, ಒಮ್ಮೆ ಹಿಡಿದರೆ ತಾನಾಗಿ ಬಿಡದಂತೆ ಹಲ್ಲೋ ಸ್ಪ್ರಿಂಗ್ ಪಟ್ಟಿಯೋ ತಡೆಯುತ್ತದೆ. ಕೇಬಲ್ ಗಿಡ್ಡವಾಗಿದ್ದು ತಿರುವಿನಲ್ಲಿ ಸೆಳೆದರೂ ಸಾಕು, ಜಾಕಿನ ಹಿಡಿಗೆ ಸಿಕ್ಕಿಕೊಂಡರೂ ಸಾಕು. ಆ ಪಟ್ಟಿಯನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಎತ್ತಿ ಲೀವರನ್ನು ವಾಪಸ್ ಬಿಡಬೇಕು. ಬೆರಳು ದೂರವಿರಲಿ, ಒಳಗೆ ಬಿಗಿದ ಬಲವಿದೆ.

ಆಮೇಲೆ ಕಪ್ಲರಿನ ಜಾರುಭಾಗ. ತುಕ್ಕು ಹಿಡಿದು ಒಳಗೇ ನಿಂತರೆ ಬ್ರೇಕ್ ಬಿಡುವುದಿಲ್ಲ. ಗ್ರೀಸ್ ನಿಪ್ಪಲ್ ಇದ್ದರೆ ಗ್ರೀಸ್ ತುಂಬಿ. ಒಳಗಿನ ಡ್ಯಾಂಪರ್ ಸತ್ತಿದ್ದರೆ ಹೊರಟಾಗ, ನಿಂತಾಗ ‘ದಢ್’ ಎಂಬ ಏಟು ಕೇಳುತ್ತದೆ, ಬದಲಾಯಿಸಿ. ಹಿಚ್ ಎತ್ತರ ತಪ್ಪಿ ಟ್ರೇಲರಿನ ಮೂಗು ಮೇಲೋ ಕೆಳಗೋ ವಾಲಿದ್ದರೂ ಈ ಭಾಗ ಓರೆಯಾಗಿ ಕಚ್ಚುತ್ತದೆ. ಟ್ರೇಲರ್ ನೆಲಕ್ಕೆ ಸಮಾಂತರವಾಗಿರಬೇಕು.

ಲಾಕ್‌ಔಟ್ ಪಿನ್ ಹಾಕಿಯೇ ಇಟ್ಟರೆ ತಲೆನೋವೇ ಇಲ್ಲವಲ್ಲ?

ಪಿನ್ ಇದ್ದರೆ ಮುಂದೆ ಹೋಗುವಾಗಲೂ ಟ್ರೇಲರಿಗೆ ಬ್ರೇಕ್ ಇಲ್ಲ. ರಿವರ್ಸ್ ಮುಗಿದ ಕೂಡಲೇ ತೆಗೆಯಿರಿ. ಪಿನ್ನಿಗೆ ಕೆಂಪು ಪಟ್ಟಿ ಕಟ್ಟಿ, ಸ್ಟೀರಿಂಗಿಗೆ ಒಂದು ಚೀಟಿ ತೂಗುಹಾಕುವುದು ಒಳ್ಳೆಯ ಅಭ್ಯಾಸ. ಬ್ರೇಕ್ ಲೈನ್ ಕಳಚಿ ಮುಚ್ಚಳ ಬಿಗಿಯುವ ಯೋಚನೆಗೂ ಇದೇ ಉತ್ತರ: ಬೇಡ.

ಎಲೆಕ್ಟ್ರಿಕ್-ಹೈಡ್ರಾಲಿಕ್ ಪಂಪ್ ಇರುವ ಟ್ರೇಲರಿಗೂ ಸೊಲೆನಾಯ್ಡ್ ಬೇಕೇ?

ಬೇಡ. ಅಲ್ಲಿ ಒತ್ತಡ ಹುಟ್ಟಿಸುವುದು ಬ್ರೇಕ್ ಕಂಟ್ರೋಲರಿನ ಸಿಗ್ನಲ್, ಕಪ್ಲರಿನ ಸರಿದಾಟವಲ್ಲ. ರಿವರ್ಸ್‌ನಲ್ಲಿ ಹಿಡಿಯುತ್ತಿದ್ದರೆ ನಡುವಿನ ಪಿನ್ನಿನ ರಿವರ್ಸ್ ಕರೆಂಟ್ ಬ್ರೇಕ್ ವೈರಿಗೆ ಸೋರುತ್ತಿದೆಯೇ ನೋಡಿ. ಉಪ್ಪುನೀರು ಹೊಕ್ಕು ಹಸಿರು ಕಟ್ಟಿದ ಪ್ಲಗ್ಗಿನಲ್ಲಿ ಇದು ಆಗುತ್ತದೆ. ಪಂಪ್‌ಗಳು ಡ್ರಮ್ಮಿಗೆ 1,000 ಪಿಎಸ್‌ಐ, ಡಿಸ್ಕಿಗೆ 1,600 ಪಿಎಸ್‌ಐ ಎಂದು ಎರಡು ಬಗೆಯಲ್ಲಿ ಬರುತ್ತವೆ. ಡ್ರಮ್ಮಿಗೆ 1,600ರದ್ದನ್ನು ಕೊಟ್ಟರೆ ಮುಟ್ಟಿದರೆ ಲಾಕ್.

ರಾಡ್-ಕೇಬಲ್ ಇರುವ ಯುರೋಪಿಯನ್ ಓವರ್‌ರನ್ ಬ್ರೇಕ್ ರಿವರ್ಸ್‌ನಲ್ಲಿ ಹಿಡಿದರೆ?

ಇವೂ ಸರ್ಜ್ ಬ್ರೇಕಿನಂತೆ ಕಪ್ಲರ್ ಒಳಸರಿದಾಗ ಹಿಡಿಯುತ್ತವೆ, ಎಣ್ಣೆಯ ಬದಲು ರಾಡ್-ಕೇಬಲ್ ಇದೆ ಅಷ್ಟೇ. ಇವುಗಳ ಆಟೋ-ರಿವರ್ಸ್ ಡ್ರಮ್ಮಿನಲ್ಲಿ ಚಕ್ರ ಹಿಂದಕ್ಕೆ ತಿರುಗಿದಾಗ ಒಂದು ಶೂ ತನ್ನ ಆಸನದ ಮೇಲೆ ಜಾರಿ ಒಳಕ್ಕೆ ಕುಸಿಯುತ್ತದೆ. ಶುರುವಿನಲ್ಲಿ ಸ್ವಲ್ಪ ದೂರ ತಡೆ ಇದ್ದು ನಂತರ ಬಿಡುವುದು ಸಹಜ. ಬಿಡದಿದ್ದರೆ ಒಂದೋ ಆ ಜಾರುವ ಭಾಗಕ್ಕೆ ತುಕ್ಕು, ಅಥವಾ ಹೆಚ್ಚು ಸಲ ಆಗುವಂತೆ, ಬ್ರೇಕ್ ಸಡಿಲವೆಂದು ಯಾರೋ ಕೇಬಲ್ ಎಳೆದು ಬಿಗಿ ಮಾಡಿದ್ದಾರೆ. ಬಿಗಿದ ಕೇಬಲ್ ಶೂ ಕುಸಿಯಲು ಜಾಗ ಕೊಡುವುದಿಲ್ಲ. ಕೇಬಲ್ ಪೂರ್ತಿ ಸಡಿಲಿಸಿ, ಮೊದಲು ಡ್ರಮ್, ನಂತರ ಕೇಬಲ್, ಕೊನೆಗೆ ರಾಡ್, ಇದೇ ಕ್ರಮದಲ್ಲಿ ಹೊಂದಿಸಿ. ಇವುಗಳ ಹ್ಯಾಂಡ್‌ಬ್ರೇಕ್ ಹಾಕಿದಾಗಲೂ ಟ್ರೇಲರ್ ಸ್ವಲ್ಪ ಹಿಂದಕ್ಕೆ ಉರುಳಿ ನಂತರ ಹಿಡಿಯುತ್ತದೆ, ಹಾಗಾಗಿ ಇಳಿಜಾರಿನಲ್ಲಿ ಅಡ್ಡಗಟ್ಟೆ ತಪ್ಪಿಸಬೇಡಿ.

ರಿಪೇರಿ ಆದ ಮೇಲೆ ಬ್ರೇಕ್ ಲೈನಿನ ಗಾಳಿ ತೆಗೆಯುವುದು ಹೇಗೆ?

ಸೊಲೆನಾಯ್ಡಿಗೆ ಕರೆಂಟ್ ಕೊಡದೆ, ಅಂದರೆ ವಾಲ್ವ್ ತೆರೆದಿರುವಾಗ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ. ಕ್ಯಾಲಿಪರಿನ ಬ್ಲೀಡರ್ ಸ್ಕ್ರೂ ಮೇಲ್ಮುಖವಾಗಿರಬೇಕು. ಕೆಳಮುಖವಾಗಿದ್ದರೆ ಎಡ-ಬಲ ಕ್ಯಾಲಿಪರ್ ಅದಲುಬದಲಾಗಿವೆ, ಎಷ್ಟು ಎಣ್ಣೆ ಹರಿಸಿದರೂ ಗಾಳಿ ಹೋಗುವುದಿಲ್ಲ. ಡಬ್ಬಿ ಖಾಲಿಯಾಗಲು ಬಿಡಬೇಡಿ, ಖಾಲಿಯಾದರೆ ಮೊದಲಿನಿಂದ ಶುರು.

ಮತ್ತೆ ಹೀಗಾಗದಂತೆ ಏನು ನೋಡಿಕೊಳ್ಳಬೇಕು?

ಉಪ್ಪುನೀರಿನಿಂದ ಮೇಲೆ ಬಂದ ದಿನವೇ ಬ್ರೇಕ್, ಕಪ್ಲರ್, ಸೊಲೆನಾಯ್ಡ್ ಎಲ್ಲಕ್ಕೂ ಸಿಹಿನೀರು ಹರಿಸಿ. ಡ್ರಮ್ ಆದರೆ ಒಳಕ್ಕೆ ನೀರು ಹೋಗುವಂತೆ ಫ್ಲಶ್ ಕಿಟ್ ಸಿಗುತ್ತದೆ. ತೊಳೆದ ಮೇಲೆ ಸ್ವಲ್ಪ ದೂರ ಎಳೆದು ಬ್ರೇಕ್ ಹಿಡಿದು ಒಣಗಿಸಿ. ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಿ, ಏಕೆಂದರೆ ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರಿ ಲೈನುಗಳನ್ನು ಒಳಗಿನಿಂದ ತುಕ್ಕು ಹಿಡಿಸುತ್ತವೆ. ಕ್ಯಾಲಿಪರ್ ಪಿನ್ನಿಗೆ ಸಿಲಿಕೋನ್ ಗ್ರೀಸ್, ಪ್ಲಗ್ಗಿನ ಪಿನ್ನುಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್. ಪ್ರಯಾಣದ ನಡುವೆ ನಿಂತಾಗ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಹಬ್‌ಗಳನ್ನು ಹೋಲಿಸಿ. ಒಂದು ಮಾತ್ರ ಉಳಿದವಕ್ಕಿಂತ ತೀರಾ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಉಜ್ಜುತ್ತಿದೆ, ಅಥವಾ ಬೇರಿಂಗ್ ಹೋಗುತ್ತಿದೆ. ಡಿಕ್ಕಿಯಲ್ಲಿ ರಿವರ್ಸ್ ಲೈಟಿನ ಫ್ಯೂಸ್ ಎರಡು, ಫ್ಯೂಸ್ ಇರುವ ಜಂಪರ್ ವೈರ್ ಒಂದು, ನಿಮ್ಮ ಕಪ್ಲರಿಗೆ ಹೊಂದುವ ಲಾಕ್‌ಔಟ್ ಪಿನ್, ಎರಡು ಅಡ್ಡಗಟ್ಟೆ ಇರಲಿ.